ಮೊದಲ ಹಿಟ್ಟಿನ ಬರಕತ್ತು

ತಿಂಗಳ ಮೊದಲ ಸೋಮವಾರ ಹುಮನಾಬಾದಿನ ನನ್ನ ಅಂಗಡಿಗೆ ರಜೆ. ಆದರೂ ಅವತ್ತು ಮನೆಯಿರುವ ಬಸವಕಲ್ಯಾಣದಿಂದ ಮೊದಲ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತೇನೆ. ಹೋದ ಅರ್ಧ ತಾಸಿನಲ್ಲೇ ಹಿಂದಿರುಗುವ ಬಸ್ಸಿನಲ್ಲಿ ಕೂತಿರುತ್ತೇನೆ. ತೊಡೆಯ ಮೇಲೆ ಐದು ಕಿಲೋ ಜೋಳದ ಹಿಟ್ಟಿನ ಚೀಲ. ಆಗಷ್ಟೇ ಗಿರಣಿಯಿಂದ ಬಂದದ್ದು, ಇನ್ನೂ ಬಿಸಿ ಆರಿರುವುದಿಲ್ಲ. ಬಾಯಿ ಎಷ್ಟು ಬಿಗಿದು ಕಟ್ಟಿದರೂ ವಾಸನೆ ಹೊರಗೆ ಬರುತ್ತದೆ. ಕಾದ ಕಲ್ಲಿನ ವಾಸನೆ, ಅದರೊಳಗೆ ಒಂದಿಷ್ಟು ಸಿಹಿ. ಪಕ್ಕದಲ್ಲಿ ಕೂತವರು ಮೂಗು ಅರಳಿಸಿ, "ಚೊಲೋ ಜೋಳ ಅದ ನೋಡ್ರಿ. ಯಾರಿಗಿ ಒಯ್ಯಾಕತ್ತೀರಿ?" ಅನ್ನುತ್ತಾರೆ. "ತಂಗಿಗಿ" ಅನ್ನುತ್ತೇನೆ. ಅವಳು ನನ್ನ ತಂಗಿಯಲ್ಲ. ಹಿಟ್ಟು ಒಳ್ಳೆಯದೆಂಬುದೂ ಪೂರ್ತಿ ನಿಜವಲ್ಲ. ದಾರಿಯಲ್ಲಿ ರಾಜೇಶ್ವರ ಊರು ದಾಟುವವರೆಗೂ ಆ ಬಿಸಿ ತೊಡೆಗೆ ತಾಗುತ್ತಲೇ ಇರುತ್ತದೆ, ಮಲಗಿದ ಕೂಸನ್ನು ಕೂರಿಸಿಕೊಂಡ ಹಾಗೆ. ಆಗ ಮೂರು ವರ್ಷದ ಹಿಂದಿನ ಆ ಮಳೆಗಾಲ, ಅದರ ಬೆನ್ನಿಗೆ ಬಂದ ಚಳಿಗಾಲ, ನಾನು ಬೇಡವೆಂದರೂ ಬಂದು ಪಕ್ಕದಲ್ಲಿ ಕೂರುತ್ತವೆ.

ಮೊದಲು ನನ್ನ ಬಗ್ಗೆ ಒಂದು ಮಾತು. ಚಿಂತೆ ಮಾಡುವುದರಲ್ಲಿ ನಾನು ನುರಿತವನು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ಹಿಂದಿರುಗಿದವನು, ಅದೂ ಎರಡು ಸಲ. ಎರಡನೆಯ ಸಲ ಬೀಗ ಸರಿಯಾಗಿಯೇ ಬಿದ್ದಿತ್ತು. ಒಳಗೆ ನನ್ನ ಹೆಂಡತಿ ಮಹಾನಂದಾ ಇದ್ದಳು. ಕಿಟಕಿಯಲ್ಲಿ ನಿಂತು, "ಬರ್ರಿ ಫಿಕರ್ ಸಾಹೇಬ್ರ, ನಾ ಎಲ್ಲಿಗೂ ಓಡಿಹೋಗಿಲ್ಲ. ಓಡಾಕ ನೀವೆಲ್ಲಿ ಬಿಟ್ಟೀರಿ" ಅಂದಳು. ಅವತ್ತಿನಿಂದ ಓಣಿಯಲ್ಲಿ ನಾನು ಫಿಕರ್ ಸಾಹೇಬ. ಅಪ್ಪ ಅವ್ವ ಇಟ್ಟ ಶರಣಪ್ಪ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ಇಂಥವನು ಕೇಕಿನ ಅಂಗಡಿ ಇಟ್ಟದ್ದೂ ಚಿಂತೆಯ ದೆಸೆಯಿಂದಲೇ. ನಮ್ಮ ಕಡೆ ಕೇಕು ಎಂದ ಕೂಡಲೇ ಬರುವ ಪ್ರಶ್ನೆ, "ತತ್ತಿ ಹಾಕೀರೇನು?" ಇಲ್ಲವೆಂದರೆ, "ಆಣಿ ಮಾಡಿ ಹೇಳ್ರಿ." ಬೇರೆ ಅಂಗಡಿಯವರು ಸುಮ್ಮನೆ ಆಣೆ ಮಾಡುತ್ತಿದ್ದರು. ನನಗೆ ಅಷ್ಟು ಧೈರ್ಯವಿಲ್ಲ. ಹಾಗಾಗಿ ನಿಜವಾಗಿಯೂ ತತ್ತಿ ಇಲ್ಲದ ಕೇಕು ಮಾಡತೊಡಗಿದೆ. ಆಮೇಲೆ ಸಕ್ಕರೆ ಕಾಯಿಲೆಯವರು ಬಂದರು. ಏಕಾದಶಿಯ ದಿನವೇ ಹುಟ್ಟುಹಬ್ಬ ಬಿದ್ದ ಉಪವಾಸದ ಅಜ್ಜಿ ಬಂದರು. ಅವರಿಗೆ ರಾಜಗಿರಿ ಹಿಟ್ಟಿನದು ಮಾಡಿಕೊಟ್ಟೆ. ಒಬ್ಬ ವ್ಯಾಪಾರಿ, ಮನೆಗೆ ಬರುವ ಬೀಗರಿಗೆ ಉಳ್ಳಾಗಡ್ಡಿ ಬೆಳ್ಳುಳ್ಳಿ ನಡೆಯುವುದಿಲ್ಲವೆಂದೂ ಅವಿಲ್ಲದ ಕೇಕು ಆಗುತ್ತದೆಯೇ ಎಂದೂ ಕೇಳಿದರು. ಗಂಭೀರವಾಗಿ ಯೋಚಿಸಿದಂತೆ ಮಾಡಿ, ಆಗುತ್ತದೆ ಅಂದೆ. ಹೀಗೆ ಉಬ್ಬಿ ಉಬ್ಬಿ ಒಂದು ದಿನ ಬೋರ್ಡು ಬರೆಸಿದೆ: "ನಿಮಗೆ ಏನು ಒಗ್ಗುವುದಿಲ್ಲವೋ, ಅದಿಲ್ಲದ ಕೇಕು ಇಲ್ಲಿ ಸಿಗುತ್ತದೆ."

ಕೇಕು ಮಾಡುವ ಕೈ ನನ್ನದಲ್ಲ, ಶಕೀಲಾ ಆಪಾಳದು. ತಲೆತಲಾಂತರದಿಂದ ನಾನ್‌ಖಟಾಯಿ ಬಿಸ್ಕತ್ತು ಸುಡುತ್ತ ಬಂದ ಮನೆಯವಳು. ಆಕೆ ನನ್ನಲ್ಲಿ ಕೆಲಸಕ್ಕಿದ್ದಳು ಎಂದು ಹೊರಗಿನವರು ತಿಳಿದಿದ್ದರು. ಒಳಗೆ ಯಾರು ಯಾರ ಕೈಕೆಳಗಿದ್ದರೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. "ಅರೆ ಭಾಯ್, ಒಲಿ ಮುಂದ ನಿಂತು ನೀವು ಫಿಕರ್ ಮಾಡಿದ್ರ ಕೇಕ್ ಉಬ್ಬತದೇನು? ಹಟ್ರಿ ಜರಾ" ಎಂದು ಮೊಣಕೈಯಿಂದ ನನ್ನನ್ನು ಸರಿಸುವಳು.

ಆ ವರ್ಷದ ಮೊದಲ ಮಳೆಯಲ್ಲೇ ವೈಜಿನಾಥ ಕಾಕಾ ಅಂಗಡಿಗೆ ಬಂದರು. ನಮ್ಮ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಅವರ ಹಿಟ್ಟಿನ ಗಿರಣಿ. ಹುಬ್ಬಿನ ಮೇಲಿನ ಹಿಟ್ಟು ಮಳೆಗೆ ತೊಯ್ದು ಕಣಕವಾಗಿತ್ತು. ಬಾಗಿಲಲ್ಲೇ ನಿಂತು ಬೋರ್ಡನ್ನು ಇನ್ನೊಮ್ಮೆ ಓದಿದರು.

"ಶರಣಾ, ಇದು ಖರೇ ಅದ ಏನು?"

"ಖರೇ ಅದ ಕಾಕಾ. ನಿಮಗೇನು ಒಗ್ಗಂಗಿಲ್ಲ, ಹೇಳ್ರಿ."

"ನನಗೇನೋ ಕಲ್ಲು ಹಾಕಿದ್ರೂ ಒಗ್ಗತದ. ನಮ್ಮ ಜಗದೇವಿಗಿ ಗೋಧಿ ಒಗ್ಗಂಗಿಲ್ಲಂತ." ಕದ್ದು ಸಿಕ್ಕಿಬಿದ್ದವರ ಹಾಗೆ ದನಿ ತಗ್ಗಿಸಿ ಹೇಳಿದರು.

ಜಗದೇವಿ ಅವರ ಒಬ್ಬಳೇ ಮಗಳು. ಬಸವಕಲ್ಯಾಣಕ್ಕೆ ಕೊಟ್ಟಿದ್ದರು. ಎರಡು ಸಲ ಬಸುರಾಗಿ ಎರಡೂ ನಿಂತಿರಲಿಲ್ಲ. ಸೊಲ್ಲಾಪುರದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಇವಳ ಕರುಳಿಗೆ ಗೋಧಿಯೇ ವೈರಿ ಎಂದು ಹೇಳಿದ್ದರು. ಚಪಾತಿಯಷ್ಟೇ ಅಲ್ಲ, ಚಪಾತಿ ಲಟ್ಟಿಸಿದ ಮಣೆಯೂ ತಾಗಬಾರದು. ತಿಂದದ್ದು ಮೈಗೆ ಹತ್ತುವುದಿಲ್ಲ, ಹೊಟ್ಟೆಯಲ್ಲಿರುವ ಕೂಸಿಗೂ ಸಿಗುವುದಿಲ್ಲ. ಈಗ ಮತ್ತೆ ಮೂರು ತಿಂಗಳು. ಜೋಪಾನ ಮಾಡಲೆಂದು ಕಾಕಾ ಮಗಳನ್ನು ಹುಮನಾಬಾದಿಗೆ ಕರೆತಂದಿದ್ದರು.

"ರೋಗದ ಹೆಸರೇನೋ ಅದ, ನನ್ನ ಬಾಯಾಗ ಹೊಳ್ಳಂಗಿಲ್ಲ. ಸಣ್ಣಾಕಿದ್ದಾಗೇ ತಾಯಿ ಕಳಕೊಂಡ ಕೂಸಿಗಿ ಆ ಗಿರಣ್ಯಾಗೇ ದೊಡ್ಡಾಕಿ ಮಾಡೀನಿ ಶರಣಾ. ಗೋಧಿ ಹಿಟ್ಟಿನ್ಯಾಗೇ ಅಂಬೆಗಾಲ ಹಾಕ್ಯಾಳ. ಈಗ ನೋಡಿದ್ರ ಇದು." ಕಾಕಾ ಹುಬ್ಬು ಒರೆಸಿಕೊಂಡರು. "ರೊಟ್ಟಿ ತಿಂದು ತಿಂದು ಬ್ಯಾಸತ್ತಾಳ. ಏನರೆ ಸಿಹಿ ಬೇಕಂತಾಳ. ಬ್ಯಾಕರಿದು ಏನೂ ಮುಟ್ಟಂಗಿಲ್ಲ. ಜೋಳದ್ದು ಕೇಕ್ ಆಗ್ತದೇನು?"

ಆಗುತ್ತದೆ ಅಂದುಬಿಟ್ಟೆ. ಬೋರ್ಡು ನೆತ್ತಿಯ ಮೇಲೆ ತೂಗುತ್ತಿರುವಾಗ ಇನ್ನೇನು ಅನ್ನಲಿ?

ಆಮೇಲೆ ನನ್ನ ಚಿಂತೆಗೆ ಹಬ್ಬವೇ ಬಂತು. ಹಿಂದಿನ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಅದನ್ನು ಜಗದೇವಿಯ ಕೋಣೆ ಎಂದು ಕರೆದೆವು. ಹೊಸ ಜರಡಿ, ಹೊಸ ಪಾತ್ರೆ, ಬೇರೆ ಸಣ್ಣ ಒಲೆ. ಅವಕ್ಕೆಲ್ಲ ಕೆಂಪು ದಾರ ಕಟ್ಟಿದೆ, ಮೈದಾದ ಪಾತ್ರೆಗಳ ಜೊತೆ ಬೆರೆಯದಿರಲೆಂದು. ಒಂದು ನೋಟ್‌ಬುಕ್ಕು ತಂದು ಎಲ್ಲೆಲ್ಲಿಂದ ಗೋಧಿ ನುಸುಳಬಹುದೆಂದು ಬರೆಯತೊಡಗಿದೆ. ಕೈ. ಬಟ್ಟೆ. ಒರೆಸುವ ಅರಿವೆ. ಗಾಳಿ. ನೊಣ. "ನೊಣಾನೂ?" ಎಂದು ಶಕೀಲಾ ಆಪಾ ಕೇಳಿದಳು. "ಮೈದಾದ ಮ್ಯಾಲೆ ಕೂತು ಇಲ್ಲಿಗಿ ಬಂದ್ರ?" ಅಂದೆ. ಆಕೆ ಕೈ ಎತ್ತಿ ಮೇಲೆ ನೋಡಿ, ನನ್ನ ಪರವಾಗಿ ದೇವರಲ್ಲಿ ಏನೋ ಕೇಳಿಕೊಂಡಳು.

ಹದಿನೇಳು ಚಿಂತೆ ಬರೆದಿದ್ದೆ. ಹನ್ನೆರಡನೆಯದು ಗಿರಣಿ.

ಕಾಕಾನ ಗಿರಣಿಯಲ್ಲಿ ಎರಡು ಯಂತ್ರ. ಒಂದು ಖಾರದ್ದು, ಇನ್ನೊಂದರಲ್ಲಿ ಗೋಧಿಯೂ ಜೋಳವೂ. "ಕಾಕಾ, ಮಂದಿ ಗೋಧಿ ಬೀಸಿದ ಕಲ್ಲಿನ್ಯಾಗೇ ಜೋಳ ಹಾಕಿದ್ರ ಹ್ಯಾಂಗ?" ಎಂದು ಕೇಳಿದೆ. ಅವರೂ ಅದನ್ನೇ ಯೋಚಿಸಿದ್ದರು. ಸಂಜೆ ಬಾಗಿಲು ಹಾಕುವ ಮುಂಚೆ ಕಲ್ಲು ಬಿಚ್ಚಿ ಕುಂಚದಿಂದ ಝಾಡಿಸುವುದು, ಎರಡು ಸೇರು ಜೋಳ ಸುಮ್ಮನೆ ಓಡಿಸಿ ಆ ಹಿಟ್ಟನ್ನು ಎಮ್ಮೆಗೆ ಹಾಕುವುದು ಎಂದು ನಿಶ್ಚಯವಾಯಿತು. ಅದರ ಮೇಲೆ ನಾನು ಬುದ್ಧಿವಂತನಂತೆ ಹೇಳಿದೆ, "ಮತ್ತ ಮುಂಜಾನಿ ಪೈಲೆ ಆಕಿದೇ ಹಾಕ್ರಿ ಕಾಕಾ. ಮಂದೀದು ಆಮ್ಯಾಲ. ಆಗ ಏನೂ ಅಂಜಿಕಿಲ್ಲ."

ಕಾಕಾನ ಮುಖ ಬೆಳಗಿತು. "ಪೈಲೆ ಹಿಟ್ಟು ಆಕಿಗೇ. ಭಾಳ ಚೊಲೋ ಮಾತು ಹೇಳಿದಿ. ಬರಕತ್ತೂ ಆಗ್ತದ."

ಬರಕತ್ತಿನ ಮಾತು ಆ ಗಲ್ಲಿಗೆಲ್ಲ ಗೊತ್ತಿತ್ತು. ಗಿರಣಿಯೊಳಗೆ ಒಂದು ದೇವಿಯ ಪಟ, ಅದರ ಮುಂದೆ ತಾಮ್ರದ ಬಟ್ಟಲಿನಲ್ಲಿ ಕಾಳು. ಕಾಕಾ ಬೆಳಿಗ್ಗೆ ಊದುಬತ್ತಿ ಹಚ್ಚಿ, ಯಂತ್ರ ಚಾಲೂ ಮಾಡಿ, ಆ ಬಟ್ಟಲಿನಿಂದ ಒಂದು ಮುಷ್ಟಿ ತೆಗೆದು ಗಿರಣಿಯ ಬಾಯಿಗೆ ಹಾಕುವರು. ಅದರ ಹಿಂದೆಯೇ ಮೊದಲ ಗಿರಾಕಿಯ ಕಾಳು. ಈ ಪದ್ಧತಿ ತೀರಿಹೋದ ಕಾಕಿ ಶುರುಮಾಡಿದ್ದು. ಆ ಮುಷ್ಟಿಯ ಹಿಟ್ಟು ಯಾರ ಡಬ್ಬಿಗೆ ಬೀಳುವುದೋ ಅವರ ಮನೆಯಲ್ಲಿ ಒಳ್ಳೆಯದಾಗುತ್ತದೆ ಎಂದು ಜನ ನಂಬಿದ್ದರು. ಹೊಸ ಸೊಸೆ ಬಂದ ಮನೆಯವರು, ಮಕ್ಕಳ ಪರೀಕ್ಷೆ ಇದ್ದವರು, ಬೆಳಗಾಗುವ ಮುಂಚೆಯೇ ಡಬ್ಬಿ ತಂದಿಟ್ಟು ಪಾಳಿ ಹಚ್ಚುತ್ತಿದ್ದರು. ಆ ವರ್ಷ ಅವರನ್ನೆಲ್ಲ ಹಿಂದೆ ಸರಿಸಿ ಜಗದೇವಿಯ ಡಬ್ಬಿ ಮುಂದೆ ಬಂತು.

ಪ್ರತಿ ಗುರುವಾರ ನಾನೇ ಮೊದಲ ಬಸ್ಸಿಗೆ ಬಂದು ಗಿರಣಿಯಲ್ಲಿ ನಿಲ್ಲುತ್ತಿದ್ದೆ. ಜಗದೇವಿಯ ರೊಟ್ಟಿಗೆ ವಾರದ ಹಿಟ್ಟು, ನನ್ನ ಕೇಕಿಗೆ ಎರಡು ಕಿಲೋ, ಎರಡೂ ಒಟ್ಟಿಗೆ. ಕಾಕಾ ದೇವಿಯ ಮುಂದೆ ನಿಂತಾಗ ನಾನೂ ಕೈ ಮುಗಿಯುತ್ತಿದ್ದೆ. ಕೈ ಮುಗಿದರೆ ಕಣ್ಣು ಮುಚ್ಚುವುದು ನನ್ನ ರೂಢಿ. ತೆರೆಯುವ ಹೊತ್ತಿಗೆ ಜೋಳದ ಹಿಟ್ಟು ಬೂದುಬಣ್ಣವಾಗಿ ಸುರಿಯುತ್ತಿರುತ್ತಿತ್ತು. ನೋಟ್‌ಬುಕ್ಕು ತೆಗೆದು ಹನ್ನೆರಡನೆಯದರ ಮುಂದೆ ಸರಿ ಎಂದು ಗುರುತು ಹಾಕುತ್ತಿದ್ದೆ.

ಜೋಳ ಹಟಮಾರಿ ಕಾಳು. ಅದಕ್ಕೆ ಅಂಟಿಕೊಳ್ಳುವ ಗುಣವಿಲ್ಲ. ಮೊದಲ ಮೂರು ಕೇಕು ಮಳೆಗೆ ಕುಸಿದ ಮಣ್ಣಿನ ಗೋಡೆಯಂತೆ ಬಿದ್ದವು. ನಾಲ್ಕನೆಯದನ್ನು ನೋಡಿ ಶಕೀಲಾ ಆಪಾ, "ಇದಕ್ಕ ಛುರಿ ಬ್ಯಾಡ ಭಾಯ್, ಚಮಚಾ ಕೊಡ್ರಿ" ಅಂದಳು. ದಾರಿ ತೋರಿಸಿದ್ದೂ ಆಕೆಯೇ. ರೊಟ್ಟಿಗೆ ಮಾಡುವಂತೆ ಅರ್ಧ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದಳು, ನೆನೆಸಿದ ಅಗಸಿಯನ್ನು ಅರೆದು ಲೋಳೆ ಮಾಡಿ ಬೆರೆಸಿದಳು, ಹುಳಿ ಮೊಸರು ಹಾಕಿದಳು. ಆಷಾಢದ ಒಂದು ಜಿಟಿಜಿಟಿ ಮಧ್ಯಾಹ್ನ ಕೇಕು ನಿಂತಿತು. ಕುಯ್ದರೂ ನಿಂತಿತು.

ಅದನ್ನು ಕಾಕಾನ ಮನೆಗೆ ಒಯ್ದೆ. ಮನೆ ಗಿರಣಿಯಿಂದ ಮೂರು ಓಣಿ ಆಚೆ. ಕಾಕಾ ಆಗಲೇ ಬಂದಿದ್ದರು. ಹೊರಗಿನ ನಲ್ಲಿಯ ಕೆಳಗೆ, ಸುರಿಯುವ ಮಳೆಯಲ್ಲೇ ಸ್ನಾನ ಮಾಡುತ್ತಿದ್ದರು. ಗಿರಣಿಯ ಬಟ್ಟೆಯಲ್ಲಿ ಹೊಸಿಲು ದಾಟುವುದನ್ನು ಬಿಟ್ಟುಬಿಟ್ಟಿದ್ದರು. "ಮ್ಯಾಲಿಂದ ಅಷ್ಟು ನೀರು ಬೀಳಾಕತ್ತದ, ಮತ್ತ ಬಕೀಟ್ ಯಾಕಪ್ಪಾ?" ಎಂದು ಒಳಗಿನಿಂದ ಜಗದೇವಿ ನಗುತ್ತಿದ್ದಳು.

ಬಾಯಿಗೆ ಒಂದು ಚೂರು ಇಟ್ಟುಕೊಂಡವಳು ಮಾತು ನಿಲ್ಲಿಸಿದಳು. ನಾನು ಮುಂದಕ್ಕೆ ಬಾಗಿದೆ.

"ಏನಾತವ್ವಾ?"

"ಅಣ್ಣಾ, ಇದು ಖರೇನೇ ಕೇಕ್ ಅದ." ಇನ್ನೊಂದು ಚೂರು ತೆಗೆದುಕೊಂಡಳು. "ಗಿರಣಿ ಮಗಳಿಗಿ ಹಿಟ್ಟು ಒಗ್ಗಂಗಿಲ್ಲ. ದೇವ್ರಿಗಿ ಚ್ಯಾಷ್ಟಿ ಭಾಳ ಸೇರ್ತದ ನೋಡ್ರಿ. ಇರ್ಲಿ, ಈ ಸರ್ತಿ ಅವಂಗೂ ಒಂದು ತುಂಡು ಇಡ್ತೀನಿ, ಬಾಯಿ ಮುಚಗೊಂಡು ಕೂಡಲಿ."

ಆ ಮಳೆಗಾಲವೆಲ್ಲ ನನಗೆ ಗುರುವಾರಗಳಾಗಿಯೇ ನೆನಪಿದೆ. ಒಂದು ಗುರುವಾರ ಏಲಕ್ಕಿಯದು, ಒಂದು ಗುರುವಾರ ಕೊಬ್ಬರಿಯದು. ಹೊರಗೆ ಮಳೆ ಬಿಡಲೊಲ್ಲದು. ಹೆಸರು ಉದ್ದು ಹೊಲದಲ್ಲೇ ಮೊಳೆತವು. ಬೇಮಳಖೇಡದಲ್ಲಿದ್ದ ಕಾಕಾನ ನಾಲ್ಕೆಕರೆಯಲ್ಲಿ ಸೋಯಾ ನೀರಲ್ಲಿ ನಿಂತಿತ್ತು. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ಯಾರಾದರೂ ಹೊಲದ ಮಾತು ತೆಗೆದರೆ, "ನನ್ನ ಬೆಳಿ ಮನ್ಯಾಗದ" ಅನ್ನುತ್ತಿದ್ದರು.

ಆದರೆ ಮನೆಯ ಬೆಳೆ ಮೈದುಂಬಿಕೊಳ್ಳಲಿಲ್ಲ. ಐದನೆಯ ತಿಂಗಳಿಗೆ ಜಗದೇವಿಯ ಬಳೆಗಳು ಮೊಣಕೈವರೆಗೆ ಏರುತ್ತಿದ್ದವು. ಬಾಯಲ್ಲಿ ಹುಣ್ಣು, ಹೊಟ್ಟೆಯ ಕಾಟ. "ಬಸುರಾದಾಕಿಗಿ ಇವೆಲ್ಲಾ ಇರ್ತಾವಣ್ಣಾ" ಎಂದು ಅವಳೇ ನನಗೆ ಸಮಾಧಾನ ಹೇಳುವಳು. ನಾನು ನೋಟ್‌ಬುಕ್ಕು ತೆರೆದು ಕೂತೆ. ಸೋಡಾ ಬದಲಿಸಿದೆ. ಅಗಸಿಯನ್ನು ಬೇರೆ ಅಂಗಡಿಯಿಂದ ತರಿಸಿದೆ. ಮೊಸರು ಬದಲಿಸಿದೆ. ಕೊನೆಗೆ ನನ್ನ ಸಂಶಯ, ಹೇಳಲು ನಾಚಿಕೆಯಾಗುತ್ತದೆ, ಶಕೀಲಾ ಆಪಾಳ ಕೈಗೆ ಬಂದು ನಿಂತಿತು. ಮನೆಯಲ್ಲಿ ನಾನ್‌ಖಟಾಯಿ ಮಾಡುವವಳು, ಉಗುರಲ್ಲಿ ಮೈದಾ ಉಳಿದಿರಬಹುದಲ್ಲ? ಮೂರು ಸಲ ಕೈ ತೊಳೆಯಲು ಹೇಳಿದೆ. ತೊಳೆದ ಮೇಲೆ ಉಗುರು ತೋರಿಸು ಅಂದೆ.

ಆಕೆ ಎರಡೂ ಕೈ ನನ್ನ ಮುಖದ ಮುಂದೆ ಚಾಚಿದಳು. "ಭಾಯ್, ನನ್ನ ಕೈ ಮ್ಯಾಲೆ ಶಕ್ ಅದ ಏನು?"

"ಇಲ್ಲಾಪಾ, ಸುಮ್ಮ ಫಿಕರ್."

"ಫಿಕರ್ ಬ್ಯಾರೆ, ಶಕ್ ಬ್ಯಾರೆ" ಅಂದಳು. ಅವತ್ತಿನಿಂದ ನನ್ನನ್ನು ಮೊಣಕೈಯಿಂದ ಸರಿಸಲಿಲ್ಲ. ದಾರಿ ಬಿಡ್ರಿ ಎಂದು ಮರ್ಯಾದೆಯಿಂದ ಹೇಳತೊಡಗಿದಳು.

ಏಳನೆಯ ತಿಂಗಳಲ್ಲಿ ಕುಬಸ ಇಟ್ಟುಕೊಂಡರು. ಮಳೆ ಆಗಷ್ಟೇ ನಿಂತಿತ್ತು. ಕುಬಸ ಎಂದರೆ ಹಸಿರು ಸೀರೆ, ಹಸಿರು ಬಳೆ, ಮತ್ತು ಬಂದ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಬಸುರಿಯ ಬಾಯಿಗೆ ತುತ್ತಿಡುವುದು. ಯಾರ ತುತ್ತನ್ನೂ ಬೇಡ ಅನ್ನುವ ಹಾಗಿಲ್ಲ. ಕಾಕಾಗೆ ಅದೇ ದೊಡ್ಡ ಭಯವಾಗಿತ್ತು. ನಾನು ದಾರಿ ಹುಡುಕಿದೆ: ಒಂದೇ ದೊಡ್ಡ ಜೋಳದ ಕೇಕು, ಎಲ್ಲರೂ ಅದರಿಂದಲೇ ತುತ್ತಿಡಬೇಕು. ತತ್ತಿ ಇಲ್ಲದ್ದು, ಆದ್ದರಿಂದ ಮಡಿಯವರಿಗೂ ನಡೆಯುತ್ತದೆ. ಬೆಲ್ಲ ತೀರ ಕಡಿಮೆ, ಸಕ್ಕರೆ ಕಾಯಿಲೆಯವರೂ ನಾಲಿಗೆಗೆ ಒಂದು ಚೂರು ತಾಗಿಸಬಹುದು. ಬಂದ ಎಲ್ಲ ಅತಿಥಿಗಳಿಗೂ ಒಗ್ಗುವ ಒಂದೇ ಕೇಕು! ಶಕೀಲಾ ಆಪಾ ಅದರ ಮೇಲೆ ಕೊಬ್ಬರಿ ತುರಿಯಿಂದ ತೊಟ್ಟಿಲು ಬಿಡಿಸಿದಳು.

ಜಗದೇವಿಯ ಅತ್ತೆ ಬಸವಕಲ್ಯಾಣದಿಂದ ಹೋಳಿಗೆ ಮಾಡಿಕೊಂಡು ಬಂದಿದ್ದರು. ಕೆಟ್ಟ ಹೆಂಗಸಲ್ಲ, ಆಸೆ ತಡೆಯಲಿಲ್ಲ ಅಷ್ಟೆ. "ಒಂದು ಚೂರು, ಶಾಸ್ತ್ರಕ್ಕ. ಒಂದು ಚೂರಿಗಿ ಏನಾಗ್ತದ?" ಎಂದು ಮುರಿದು ಕೈ ಮುಂದೆ ಮಾಡಿದರು. ಜೀವಮಾನದಲ್ಲಿ ಯಾರಿಗೂ ದನಿ ಏರಿಸದ ಕಾಕಾ ಹೆಂಗಸರ ನಡುವೆ ನುಗ್ಗಿ ಬಂದು ಮಗಳ ಮುಂದೆ ಅಡ್ಡ ನಿಂತರು.

"ಬೀಗತಿ, ನಿಮ್ಮ ಕಾಲು ಬೀಳ್ತೀನಿ. ಆ ತಾಟು ಹೊರಗ ಇಡ್ರಿ. ಒಂದು ಚೂರು ಅಲ್ಲ, ಒಂದು ಅಗಳೂ ಬ್ಯಾಡ."

ತಾಟು ಹೊರಗೆ ಹೋಯಿತು. ಇಪ್ಪತ್ತೊಂದು ಹೆಂಗಸರು ಇಪ್ಪತ್ತೊಂದು ತುತ್ತಿಟ್ಟರು. ಎಲ್ಲವೂ ನನ್ನ ಕೇಕಿನವು. ಗೋಡೆಗೆ ಒರಗಿ ನಿಂತು ಎಣಿಸಿದೆ. ಬದುಕಿನಲ್ಲಿ ಮೊದಲ ಸಲ, ಒಂದು ಪೂರ್ತಿ ತಾಸು, ನಾನು ಯಾವ ಚಿಂತೆಯನ್ನೂ ಮಾಡಲಿಲ್ಲ.

ಅದಾಗಿ ಹನ್ನೊಂದನೆಯ ದಿನ ಕೂಸು ಹೊರಳುವುದು ನಿಂತಿತು. ಬೆಳಿಗ್ಗೆ ಜೀಪು ಮಾಡಿಕೊಂಡು ಸೊಲ್ಲಾಪುರಕ್ಕೆ ಹೋದರು. ಗುರುವಾರವಾದ್ದರಿಂದ ನಾನು ಗಿರಣಿಗೆ ಹೋಗಿ, ಬಾಗಿಲು ಮುಚ್ಚಿದ್ದು ನೋಡಿ, ಇದ್ದ ಹಿಟ್ಟಿನಲ್ಲೇ ಕೇಕು ಒಲೆಗೆ ಇಡಿಸಿದ್ದೆ. ಸುದ್ದಿ ಬಂದಾಗ ಅದು ಇನ್ನೂ ಒಳಗಿತ್ತು. ಶಕೀಲಾ ಆಪಾ ಒಲೆ ಆರಿಸಿ, ಬಾಗಿಲು ತೆರೆಯದೆ ಹಾಗೇ ಬಿಟ್ಟಳು.

ಹೆಣ್ಣು ಕೂಸು. ಕಾಕಾ ಅದನ್ನು ತಾವೇ ಎತ್ತಿಕೊಂಡು ಬಂದರು. ಬೇಮಳಖೇಡದ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಸೋಯಾ ಕೊಳೆತ ವಾಸನೆ, ಪಕ್ಕದ ಹೊಲದಲ್ಲಿ ತೊಗರಿ ಹಳದಿಯಾಗಿ ಹೂಬಿಟ್ಟಿತ್ತು. ಕಾಕಾ ಅರಿವೆಯನ್ನು ಸರಿಸಿ ಒಮ್ಮೆ ನೋಡಿ, "ಎಷ್ಟ ಹಗುರದ ಶರಣಾ. ಒಂದು ಸೇರೂ ಇಲ್ಲ" ಅಂದರು. ದಿನವಿಡೀ ಜನರ ಕಾಳು ತೂಗುವ ಕೈ ಅದು, ತಪ್ಪು ಹೇಳಿರಲಿಕ್ಕಿಲ್ಲ.

ಜಗದೇವಿ ದವಾಖಾನೆಯಿಂದ ನೇರ ಗಂಡನ ಮನೆಗೆ ಹೋದಳು. ಐದನೆಯ ದಿನ ಕಾಕಾ ಗಿರಣಿಯ ಬಾಗಿಲು ತೆರೆದರು. ಜನ ಕಾಳು ಹಿಡಿದು ನಿಂತಿದ್ದರು, ಏನು ಮಾಡುವುದು.

ಡಿಸೆಂಬರಿನ ಚಳಿಯಲ್ಲಿ ಒಂದು ಬೆಳಿಗ್ಗೆ ನಾನು ಮನೆಯ ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದೆ. ಕಾಕಾ ಒಬ್ಬರೇ ಇದ್ದರು. "ಬಾ, ಇವತ್ತ ಪೈಲೆ ಹಿಟ್ಟಿಗಿ ಮನಿ ಮಂದಿ ಯಾರೂ ಇಲ್ಲ. ನಿಂದೇ ಹಾಕ್ತೀನಿ" ಅಂದರು. ಊದುಬತ್ತಿ ಹಚ್ಚಿದರು. ಆ ತಿಂಗಳು ನಾನು ದೇವರಿಗೆ ಕೈ ಮುಗಿಯುವುದನ್ನು ಬಿಟ್ಟಿದ್ದೆ. ಸಿಟ್ಟು. ಕೈ ಜೇಬಿನಲ್ಲಿದ್ದವು. ಹಾಗಾಗಿ ಕಣ್ಣು ತೆರೆದಿದ್ದವು.

ಬಟ್ಟಲಿನಿಂದ ಬಂದ ಮುಷ್ಟಿಯಲ್ಲಿ ಗೋಧಿ ಇತ್ತು. ದಪ್ಪನೆಯ, ಕೆಂಪು ಬಣ್ಣದ ಗೋಧಿ. ಅದು ಗಿರಣಿಯ ಬಾಯಿಗೆ ಬಿತ್ತು. ಅದರ ಹಿಂದೆ ಕಾಕಾ ನನ್ನ ಜೋಳ ಸುರಿದರು. ಕೆಳಗೆ ಅರಿವೆಯ ತೋಳಿನಿಂದ ಮೊದಲು ನಸುಗೆಂಪು ಹಿಟ್ಟು ಉದುರಿ ಡಬ್ಬಿಯ ತಳ ಮುಚ್ಚಿತು. ಆಮೇಲೆ ಬೂದು ಬಣ್ಣದ್ದು. ಕಾಕಾ ಕೈ ಹಾಕಿ, ತಳದಿಂದ ಮೇಲಕ್ಕೆ ಚೆನ್ನಾಗಿ ಬೆರೆಸಿದರು, ಬರಕತ್ತು ಇಡೀ ಡಬ್ಬಿಗೆ ಹರಡಲೆಂದು.

ಜೂನಿನಿಂದ ಅಕ್ಟೋಬರಿನವರೆಗೆ ಎಷ್ಟು ಗುರುವಾರ ಬರುತ್ತವೆ ಎಂದು ಎಣಿಸತೊಡಗಿದೆ. ನಡುವೆ ಎಣಿಕೆ ತಪ್ಪಿತು.

"ಕಾಕಾ, ಅದು ಗೋಧಿ ಏನ್ರಿ?"

"ಹೂಂ. ಗಿರಣಿ ಕೂಡಿಸಿದ ದಿನ ನಿಮ್ಮ ಕಾಕಿ ತನ್ನ ತೌರಮನಿ ಹೊಲದ್ದು ತಂದು ಹಾಕಿದ್ಲು. ಆವತ್ತಿಂದ ಗಿರಣಿ ಚಾಲೂ ಆದ ಒಂದು ದಿನಾನೂ ತಪ್ಪಿಲ್ಲ. ಆಕಿ ಹ್ವಾದ ಮರುದಿನಾನೂ ತಪ್ಪಿಲ್ಲ." ನನ್ನ ಮುಖ ನೋಡಿದರು. "ಯಾಕೋ, ಮಾರಿ ಬಿಳಿಚ್ಯಾದ?"

"ಏನಿಲ್ಲ ಕಾಕಾ, ಥಂಡಿ."

ಅವತ್ತು ಅಂಗಡಿ ತೆರೆಯಲಿಲ್ಲ. ಬಸವಕಲ್ಯಾಣಕ್ಕೆ ಹಿಂದಿರುಗಿ, ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಜಗದೇವಿಯ ಮನೆಗೆ ಹೋದೆ. ಅಂಗಳದಲ್ಲಿ ಕೂತು ಬೀಸುಕಲ್ಲು ತಿರುಗಿಸುತ್ತಿದ್ದಳು. ಜೋಳ ಬೀಸುತ್ತಿದ್ದಳು. ಪಕ್ಕದ ಕಟ್ಟೆಯ ಮೇಲೆ ಅಪ್ಪ ಕಳಿಸಿದ ಹಿಟ್ಟಿನ ಚೀಲ, ಕಟ್ಟಿದ ಬಾಯಿ ಬಿಚ್ಚಿರಲಿಲ್ಲ. ನಾನು ಬಾಯಿಪಾಠ ಮಾಡಿದ್ದೆಲ್ಲ ಅಲ್ಲಿಗೆ ಮುಗಿಯಿತು.

"ನಿನಗ ಗೊತ್ತದ?"

ಅವಳು ಕಲ್ಲು ನಿಲ್ಲಿಸಲಿಲ್ಲ. "ದವಾಖಾನ್ಯಾಗ ಮತ್ತ ರಗತ ನೋಡಿದ್ರು. ಗೋಧಿ ಇನ್ನಾ ಹೊಟ್ಟ್ಯಾಗ ಹೋಗಾಕತ್ತದ, ಎಲ್ಲಿಂದ ಅಂತ ಕೇಳಿದ್ರು. ಅಪ್ಪ ಗೋಳಿ ತರಾಕ ಕೆಳಗ ಹೋಗಿದ್ದ. ಹಿಟ್ಟು ಎಲ್ಲಿ ಬೀಸ್ತೀರಿ ಅಂದ್ರು. ಆವಾಗ ಹೊಳೀತು."

"ಅದರಿಂದೇ ಆಗ್ಯಾದಂತೇನು?"

"ಅದರಿಂದೇ ಅಂತ ಹೇಳಾಕ ಬರಂಗಿಲ್ಲ ಅಂದ್ರು. ಅಲ್ಲ ಅಂತನೂ ಅನ್ಲಿಲ್ಲ." ಒಂದು ಹಿಡಿ ಜೋಳ ಕಲ್ಲಿಗೆ ಹಾಕಿದಳು. "ಸಣ್ಣಾಕಿದ್ದಾಗ ಅವ್ವನ ಸೊಂಟದ ಮ್ಯಾಲೆ ಕೂತು ಆ ಮುಷ್ಟಿ ನಾನೇ ಹಾಕ್ತಿದ್ದೆ ಅಣ್ಣಾ. ಐದು ತಿಂಗಳು ಆ ಹಿಟ್ಟು ತಿಂದೀನಿ, ಒಂದು ದಿನ ನೆನಪಾಗಿಲ್ಲ. ನಂಗ ಅದು ಯಾವಾಗರೆ ಗೋಧಿ ಅನಿಸೇ ಇಲ್ಲ. ಅವ್ವ ಅನಿಸಿತ್ತು."

"ಪೈಲೆ ಹಾಕ್ರಿ ಅಂತ ಹೇಳಿದಾವ ನಾನು, ಜಗದೇವಿ."

"ಗೊತ್ತದ" ಅಂದಳು. ಅಷ್ಟೇ. ಇರಲಿ ಬಿಡಿ ಅನ್ನಲಿಲ್ಲ. ಅನ್ನುತ್ತಾಳೆಂದು ನಾನು ಸ್ವಲ್ಪ ಹೊತ್ತು ಕಾದೆ.

"ಕಾಕಾಗ ಹೇಳಬೇಕಲ್ಲ. ಮುಂದ..."

"ಮುಂದಿಂದು ಇಲ್ಲಣ್ಣಾ. ಇನ್ನ ಬ್ಯಾಡ ಅಂದಾರ ಡಾಕ್ಟರು." ಈಗ ಕಲ್ಲು ನಿಂತಿತು. "ಅಪ್ಪಗ ಹೇಳಬ್ಯಾಡ್ರಿ. ಹೇಳಿದ್ರ ಗಿರಣಿ ಬಂದ್ ಮಾಡ್ತಾನ. ಅದರ ಹಿಂದ ಅವನೂ ಬಂದ್ ಆಗ್ತಾನ. ನಂಗ ಆಣಿ ಮಾಡ್ರಿ."

ತತ್ತಿ ಹಾಕಿಲ್ಲವೆಂದು ಸುಳ್ಳು ಆಣೆ ಮಾಡಲಾಗದೆ ಅಂಗಡಿಯ ದಾರಿ ಹಿಡಿದವನು ನಾನು. ಅವತ್ತು ಆಣೆ ಮಾಡಿದೆ.

ಮರುದಿನ ಬೋರ್ಡಿಗೆ ಬಣ್ಣ ಬಳಿದೆ. ಈಗ ಅದರ ಮೇಲೆ ಕೇಕು ಎಂದಷ್ಟೇ ಇದೆ. ಶಕೀಲಾ ಆಪಾಳಿಗೆ, "ನಿನ್ನ ಕೈದು ತಪ್ಪಿರಲಿಲ್ಲಾಪಾ" ಅಂದೆ. "ಮತ್ತ ಯಾರದು ಭಾಯ್?" ಎಂದು ಕೇಳಿದಳು. "ನಂದು" ಅಂದೆ. ಸಂಜೆಯ ಹೊತ್ತಿಗೆ, ಒಲೆಯ ಮುಂದಿನಿಂದ ನನ್ನನ್ನು ಮೊಣಕೈಯಿಂದ ಸರಿಸಿದಳು.

ಹೀಗೆ ಮೂರು ವರ್ಷ. ತಿಂಗಳ ಮೊದಲ ಸೋಮವಾರ ಕಾಕಾ ಮಗಳಿಗೆಂದು ಮೊದಲ ಹಿಟ್ಟು ಬೀಸಿಕೊಡುತ್ತಾರೆ, ನಾನು ಬಸ್ಸಿನಲ್ಲಿ ಹೊತ್ತು ತರುತ್ತೇನೆ. ಜಗದೇವಿ ಎರಡೂ ಕೈಯಲ್ಲಿ ಇಸಿದುಕೊಂಡು, ಹಿಂದಿನ ತಿಂಗಳ ಚೀಲವನ್ನು ಒಗೆದು ಮಡಿಸಿ ಕೊಡುತ್ತಾಳೆ. ಒಳಗಿದ್ದದ್ದನ್ನು ಏನು ಮಾಡುತ್ತಾಳೆಂದು ನಾನು ಕೇಳಿಲ್ಲ. ಅವಳ ಪಕ್ಕದ ಮನೆಯವರ ಎಮ್ಮೆ ಚೆನ್ನಾಗಿ ಮೈತುಂಬಿಕೊಂಡಿದೆ. ಅಂಗಳದಲ್ಲಿ ಬೀಸುಕಲ್ಲಿನ ಸುತ್ತ ನೆಲ ಸವೆದಿದೆ.

ಮೊನ್ನೆ ಸೋಮವಾರ ಹೋದಾಗ ಕಾಕಾ ಖಾಲಿ ಚೀಲ ಇಸಿದುಕೊಂಡು, ಯಾವಾಗಲೂ ಕೇಳುವಂತೆ ಕೇಳಿದರು. ಈಚೆಗೆ ಕಿವಿ ಮಂದವಾಗಿದೆ, ಯಂತ್ರದ ಸದ್ದಿನ ಮೇಲೆ ಕೂಗುತ್ತಾರೆ.

"ಹಿಟ್ಟು ಹ್ಯಾಂಗಿತ್ತಂತ?"

"ರೊಟ್ಟಿ ಭಾಳ ಮೆತ್ತಗ ಬಂದಾವಂತ, ಕಾಕಾ."

"ಬರಲೇಬೇಕು. ಪೈಲೆ ಹಿಟ್ಟದು." ಊದುಬತ್ತಿ ಹಚ್ಚಿ ತಾಮ್ರದ ಬಟ್ಟಲಿಗೆ ಕೈ ಹಾಕಿದರು. ನಾನು ಜೇಬಿನಿಂದ ಕೈ ತೆಗೆದು ಜೋಡಿಸಿ, ಕಣ್ಣು ಮುಚ್ಚಿಕೊಂಡೆ.